ಹತ್ತಲಿಲ್ಲ, ಓಡಿಸಲಿಲ್ಲ: ಕುದುರೆ ಜೊತೆ ಸುಮ್ನೆ ಕಳೆದ ಒಂದು ಮಧ್ಯಾಹ್ನ

ಗರಿಕೆಹುಲ್ಲು (ಭಾನುವಾರ, ರಾತ್ರಿ 9:10)

ಎಲ್ಲರಿಗೂ ನಮಸ್ಕಾರ. ಇವತ್ತಿನ ಮಧ್ಯಾಹ್ನದ ಬಗ್ಗೆ ಯಾರಿಗಾದರೂ ಹೇಳಲೇಬೇಕು ಅನ್ನಿಸಿತು.

ಶ್ರೀರಂಗಪಟ್ಟಣದ ಹತ್ತಿರ ನನ್ನ ಗೆಳತಿಯ ತೋಟ ಇದೆ. ಅಲ್ಲಿ ಗೌರಿ ಇದ್ದಾಳೆ. ವಯಸ್ಸು 19. ಕೆಂಗಂದು ಬಣ್ಣ, ಹಣೆಯಲ್ಲಿ ಬೆರಳುದ್ದದ ಬಿಳಿ ಗುರುತು. ಮೊದಲು ರೇಸ್ ಕುದುರೆ. ರೇಸ್ ಕುದುರೆಗಳು ಎರಡು ಮೂರು ವರ್ಷಕ್ಕೇ ಓಡಲು ಶುರು ಮಾಡುತ್ತವೆ. ಬಹಳಷ್ಟು ಕುದುರೆಗಳ ಓಟ ಇನ್ನೂ ಕೆಲವೇ ವರ್ಷಗಳಲ್ಲಿ ಮುಗಿದು ಹೋಗುತ್ತದೆ. ಆಯಸ್ಸು ಮಾತ್ರ ಇಪ್ಪತ್ತೈದು, ಮೂವತ್ತು ವರ್ಷ. ಉಳಿದ ಅಷ್ಟೂ ವರ್ಷ ಅವು ಎಲ್ಲಿರುತ್ತವೆ ಅಂತ ಯಾರೂ ಕೇಳುವುದಿಲ್ಲ. ಗೌರಿಗೆ ಒಂದು ತೋಟ ಸಿಕ್ಕಿತು. ಜೊತೆಗೆ ಒಂದು ಮುದಿ ಕತ್ತೆಯೂ ಇದೆ. ಇಬ್ಬರೂ ಬಿಟ್ಟಿರುವುದಿಲ್ಲ.

ಗೆಳತಿಗೆ ಊರಲ್ಲಿ ಒಂದು ಗೃಹಪ್ರವೇಶ ಇತ್ತು. "ಸಂಜೆ ತನಕ ಇರ್ತೀಯಾ? ಏನೂ ಮಾಡಬೇಡ, ಸುಮ್ನೆ ಇರು" ಅಂದಳು. ನಾನು ಹುಣಸೆ ಮರದ ಕೆಳಗೆ ಚಾಪೆ ಹಾಸಿದೆ. ಓದಲು ಒಂದು ಪುಸ್ತಕ, ಚಿತ್ರಾನ್ನದ ಡಬ್ಬಿ, ನೀರು. ಪುಸ್ತಕ ತೆರೆಯಲೇ ಇಲ್ಲ.

ಮೊದಲ ಒಂದು ಗಂಟೆ ಗೌರಿ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಬದುವಿನ ಆ ತುದಿಯಲ್ಲಿ ಮೇಯುತ್ತಿದ್ದಳು. ಬೆಳ್ಳಕ್ಕಿಗಳು ಅವಳ ಕಾಲ ಬಳಿಯೇ ಓಡಾಡುತ್ತಿದ್ದವು. ನನಗೆ ಸ್ವಲ್ಪ ಬೇಜಾರಾಯಿತು. ಹತ್ತಿರ ಬರಬೇಕಿತ್ತು ಅನ್ನಿಸಿತು. ಕರೆಯೋಣ ಅಂದುಕೊಂಡು ಬಾಯಿ ತೆರೆದೆ, ಬೇಡ ಅನ್ನಿಸಿ ಸುಮ್ಮನಾದೆ.

ಬಿಸಿಲು ಏರಿತು. ಅವಳು ನಿಧಾನವಾಗಿ ಬಂದು ಅದೇ ಮರದ ನೆರಳಿಗೆ ನಿಂತಳು. ನನ್ನ ಪಕ್ಕಕ್ಕಲ್ಲ, ನೆರಳಿಗೆ. ಇಬ್ಬರ ನಡುವೆ ಹತ್ತು ಅಡಿ ಇರಬಹುದು. ಆಮೇಲೆ ನೆರಳು ಜರುಗಿತು. ಅವಳೂ ನಾಲ್ಕು ಹೆಜ್ಜೆ ಜರುಗಿದಳು. ನನ್ನ ಕಾಲಿಗೆ ಬಿಸಿಲು ಬಿತ್ತು, ನಾನೂ ಚಾಪೆ ಎಳೆದುಕೊಂಡೆ. ಹೀಗೆ ಮೂರು ಸಲ ಆಯಿತು. ಮೂರನೇ ಸಲ ನೋಡಿದರೆ ಅವಳ ಉಸಿರು ನನಗೆ ಕೇಳಿಸುವಷ್ಟು ಹತ್ತಿರ ಇದ್ದೆವು. ಯಾರು ಯಾರ ಹತ್ತಿರ ಬಂದೆವು ಅಂತ ಗೊತ್ತಿಲ್ಲ. ಮರವೇ ಕರೆದುಕೊಂಡು ಬಂದಿತ್ತು.

ಆಮೇಲೆ ಅವಳು ಒಂದು ಹಿಂಗಾಲನ್ನು ಸಡಿಲ ಬಿಟ್ಟು, ಗೊರಸಿನ ತುದಿ ಮಾತ್ರ ನೆಲಕ್ಕೆ ತಾಗಿಸಿ ನಿಂತಳು. ಕೆಳತುಟಿ ಜೋತು ಬಿತ್ತು. ಕಣ್ಣು ಅರ್ಧ ಮುಚ್ಚಿತು. ಕಿವಿ ಒಂದು ಆ ಕಡೆ, ಒಂದು ಈ ಕಡೆ. ನಾನು ಮೂರೂವರೆವರೆಗೆ ಅದನ್ನೇ ನೋಡುತ್ತಾ ಕೂತಿದ್ದೆ.

ನಾನು ಕುದುರೆ ಹತ್ತುವುದಿಲ್ಲ. ಎಂಟು ವರ್ಷದವಳಿದ್ದಾಗ ಒಂದು ಗಿರಿಧಾಮದಲ್ಲಿ ಅಪ್ಪ ನನ್ನನ್ನು ಬಾಡಿಗೆ ಕುದುರೆ ಮೇಲೆ ಕೂರಿಸಿದ್ದರು. ಇಳಿದ ಮೇಲೆ ಜೀನು ಸ್ವಲ್ಪ ಸರಿದಾಗ ಅದರ ಬೆನ್ನ ಮೇಲೆ ಹಸಿ ಗಾಯ ಕಾಣಿಸಿತು. ಅಷ್ಟು ಹೊತ್ತು ಅದರ ಮೇಲೇ ಕೂತಿದ್ದೆ. ಅದು ಇವತ್ತಿಗೂ ಮರೆತಿಲ್ಲ. ಹಾಗಾಗಿ ಇವತ್ತು ಕುದುರೆಯಿಂದ ಏನೂ ಕೇಳದೆ ಅದರ ಜೊತೆ ಇರುವುದು ನನಗೆ ತುಂಬ ದೊಡ್ಡದಾಗಿತ್ತು.

ನಿಮ್ಮಲ್ಲಿ ಯಾರಾದರೂ ಹೀಗೆ ಕೂತಿದ್ದೀರಾ?

ರಾಯಬಾಗದ ಹುಡುಗ (ಭಾನುವಾರ, ರಾತ್ರಿ 9:48)

ಅಕ್ಕಾ, ಓದಿ ನಮ್ಮ ಊರಿನ ಕಡೆಯ ಹೊಲ ನೆನಪಾಯಿತು.

ನಮ್ಮದು ಕುರಿ ಸಾಕುವ ಮನೆತನ. ಮಳೆಗಾಲ ಮುಗಿದ ಮೇಲೆ ಅಪ್ಪ, ದೊಡ್ಡಪ್ಪ ಕುರಿ ಹೊಡೆದುಕೊಂಡು ಊರು ಬಿಡುತ್ತಿದ್ದರು. ಜೊತೆಗೆ ಎರಡು ಕುದುರೆ. ನೀವು ಹೇಳಿದ ಹಾಗೆ ಎತ್ತರದ ಕುದುರೆ ಅಲ್ಲ. ಭೀಮಾ ನದಿ ಕಡೆಯ ಕುರಿಗಾರರ ಹತ್ತಿರ ಇರುತ್ತವಲ್ಲ, ಆ ಭೀಮಥಡಿ ಥರದ ಗಿಡ್ಡ, ಗಟ್ಟಿ ಕುದುರೆ. ಇಡೀ ಸಂಸಾರ ಅದರ ಬೆನ್ನ ಮೇಲೆ. ಕಂಬಳಿ, ಪಾತ್ರೆ, ಜೋಳದ ಚೀಲ, ರಾತ್ರಿ ಕುರಿ ಕೂಡುವ ಬಲೆ, ಕೋಳಿ. ದಾರಿಯಲ್ಲಿ ಹುಟ್ಟಿದ ಕುರಿಮರಿಗೆ ನಡೆಯಲು ಆಗದಿದ್ದರೆ ಅದೂ ಅಲ್ಲೇ. ನಾನು ಚಿಕ್ಕವನಿದ್ದಾಗ ನನ್ನನ್ನೂ ಹಾಗೇ ಕೂರಿಸಿಕೊಂಡು ಹೋಗಿದ್ದಾರಂತೆ.

ರೈತರ ಹೊಲದಲ್ಲಿ ರಾತ್ರಿ ಕುರಿ ಕೂಡ್ರಿಸುತ್ತೇವೆ, ಗೊಬ್ಬರಕ್ಕೆ. ಅದಕ್ಕೆ ಅವರು ಕಾಳೋ ಹಣವೋ ಕೊಡುತ್ತಾರೆ. ಬೆಳಿಗ್ಗೆ ಕುರಿ ಮೇಯಲು ಹೋದರೆ ಬಿಡಾರದಲ್ಲಿ ಉಳಿಯುವವರು ಅವ್ವ, ನಾನು, ಕುದುರೆ. ಮುಂಗಾಲು ಎರಡಕ್ಕೂ ಸಡಿಲಾಗಿ ಹಗ್ಗ ಕಟ್ಟಿ ಬಿಟ್ಟರೆ ದೂರ ಹೋಗುವುದಿಲ್ಲ. ಸಣ್ಣ ಸಣ್ಣ ಹೆಜ್ಜೆ ಹಾಕುತ್ತಾ ಮೇಯುತ್ತದೆ. ಅವ್ವ ರೊಟ್ಟಿ ಬಡಿಯುತ್ತಿದ್ದಳು. ನಾನು ಕುದುರೆಯ ಹೊಟ್ಟೆಯ ನೆರಳಿನಲ್ಲಿ ಮಲಗುತ್ತಿದ್ದೆ. ನಿಜವಾಗಿಯೂ. ಬಯಲಿನಲ್ಲಿ ಬೇರೆ ಮರ ಎಲ್ಲಿರುತ್ತದೆ? ಅಪ್ಪ ನೋಡಿದಾಗಲೆಲ್ಲ ಬೈಯುತ್ತಿದ್ದರು. "ಅದರ ತಪ್ಪ ಅಲ್ಲಪಾ, ನೊಣ ಕಡದ್ರ ಕಾಲ ಎತ್ತತೈತಿ" ಅನ್ನುತ್ತಿದ್ದರು.

ಈಗ ನಾನು ಪುಣೆಯಲ್ಲಿ ಕೆಲಸದಲ್ಲಿದ್ದೇನೆ. ಕುದುರೆಯ ಹೊಟ್ಟೆಯೊಳಗಿನ ಗುಡುಗುಡು ಸದ್ದು ಕೇಳುತ್ತಾ ನಿದ್ದೆ ಹೋಗುವುದು ಎಷ್ಟು ಚೆಂದ ಅಂತ ಇಲ್ಲಿ ಯಾರಿಗೆ ಹೇಳಿದರೂ ಅರ್ಥವಾಗುವುದಿಲ್ಲ.

ಪಶುವೈದ್ಯೆ ಹಾಸನ (ಭಾನುವಾರ, ರಾತ್ರಿ 10:30)

ರಾಯಬಾಗದವರೇ, ನೀವು ಕೇಳಿದ ಆ ಗುಡುಗುಡು ಸದ್ದು ಕುದುರೆಗೆ ಆರೋಗ್ಯ ಇದ್ದ ಗುರುತು. ನಾವು ಪರೀಕ್ಷೆ ಮಾಡುವಾಗ ಪಕ್ಕೆಗೆ ಕಿವಿ ಇಟ್ಟು ಮೊದಲು ಕೇಳುವುದೇ ಅದನ್ನು. ಹೊಟ್ಟೆ ಪೂರ್ತಿ ನಿಶ್ಶಬ್ದವಾದರೆ ನಮಗೆ ಭಯ. ಆದರೆ ಮಕ್ಕಳನ್ನು ದಯವಿಟ್ಟು ಕುದುರೆ ಹೊಟ್ಟೆ ಕೆಳಗೆ ಮಲಗಿಸಬೇಡಿ. ನಿಮ್ಮ ತಂದೆ ಹೇಳಿದ್ದೇ ಸರಿ.

ಗರಿಕೆಹುಲ್ಲು ಅವರೇ, ನೀವು ನೋಡಿದ ನಿಲುವು ಕುದುರೆ ನಿಂತಲ್ಲೇ ತೂಕಡಿಸುವ ರೀತಿ. ಹಿಂಗಾಲಿನ ಮಂಡಿಚಿಪ್ಪು ಒಂದು ಕಡೆ ಸಿಕ್ಕಿಕೊಂಡು ಬೀಗ ಹಾಕಿದ ಹಾಗೆ ಆಗುತ್ತದೆ. ಆ ಕಾಲು ಭಾರ ಹೊರುತ್ತದೆ, ಇನ್ನೊಂದು ಹಿಂಗಾಲಿಗೆ ವಿಶ್ರಾಂತಿ. ಸ್ವಲ್ಪ ಹೊತ್ತಿಗೆ ಬದಲಾಯಿಸುತ್ತದೆ. ಹಾಗಂತ ಪೂರ್ತಿ ನಿದ್ದೆ ನಿಂತುಕೊಂಡು ಆಗುವುದಿಲ್ಲ. ಕನಸು ಬೀಳುವಂಥ ಗಾಢ ನಿದ್ದೆಗೆ ಅದು ಮಲಗಲೇಬೇಕು. ದಿನಕ್ಕೆ ಅರ್ಧ ಗಂಟೆ ಸಿಕ್ಕರೂ ಸಾಕು. ಆದರೆ ಜಾಗದ ಮೇಲೆ ಭರವಸೆ ಇಲ್ಲದಿದ್ದರೆ ಮಲಗುವುದಿಲ್ಲ. ಜೊತೆಗೆ ಇನ್ನೊಂದು ಪ್ರಾಣಿ ಎಚ್ಚರ ಇದ್ದರೆ ಧೈರ್ಯ. ಆ ಕತ್ತೆಯನ್ನು ಬೇರೆ ಮಾಡಬೇಡಿ ಅಂತ ಗೆಳತಿಗೆ ಹೇಳಿ.

ಒಂದು ವಿಷಯ ಎಲ್ಲರಿಗೂ ಹೇಳಬೇಕು. ಸುಮ್ಮನೆ ನಿಂತ ಕುದುರೆ ಎಲ್ಲವೂ ನೆಮ್ಮದಿಯಲ್ಲಿ ಇರುವುದಿಲ್ಲ. ಹಿಂಗಾಲು ಸಡಿಲ ಬಿಟ್ಟರೆ ಚಿಂತೆ ಇಲ್ಲ. ಒಂದು ಮುಂಗಾಲನ್ನೇ ಮುಂದಕ್ಕೆ ಚಾಚಿ ಅದರ ಮೇಲೆ ಭಾರ ಹಾಕದೆ ನಿಂತಿದ್ದರೆ ಅಲ್ಲಿ ನೋವಿದೆ. ಪದೇ ಪದೇ ತಿರುಗಿ ತನ್ನ ಹೊಟ್ಟೆ ನೋಡಿಕೊಂಡರೆ, ಮುಂಗಾಲಿನಿಂದ ನೆಲ ಕೆರೆದರೆ, ಮೇವು ಬಿಟ್ಟರೆ, ಲದ್ದಿ ಹಾಕದಿದ್ದರೆ ಹೊಟ್ಟೆ ಶೂಲೆ ಇರಬಹುದು. ಕುದುರೆಗೆ ವಾಂತಿ ಮಾಡಲು ಆಗುವುದಿಲ್ಲ. ಒಳಗೆ ಹೋದದ್ದು ಹಿಂದೆ ಬರುವುದೇ ಇಲ್ಲ. ಹಾಗಾಗಿ ಶೂಲೆಯಲ್ಲಿ ಬೆಳಗಾಗಲಿ ಅಂತ ಕಾಯಬಾರದು. ದವಡೆಯ ಕೆಳಗೆ ಬೆರಳಿಟ್ಟರೆ ನಾಡಿ ಸಿಗುತ್ತದೆ. ವಿಶ್ರಾಂತಿಯಲ್ಲಿ ನಿಮಿಷಕ್ಕೆ 28ರಿಂದ 44 ಸರಿ. ತುಂಬ ಜಾಸ್ತಿ ಇದ್ದರೆ ಕೂಡಲೇ ಫೋನ್ ಮಾಡಿ.

ಇನ್ನೊಂದು, ಬೇಲಿ. ನಮ್ಮ ಕಡೆ ತೋಟಗಳ ಸುತ್ತ ಕಣಗಿಲೆ ಇರುತ್ತದೆ. ಕಣಗಿಲೆ ಎಲೆ ಸ್ವಲ್ಪ ಹೊಟ್ಟೆಗೆ ಹೋದರೂ ಕುದುರೆ ಸಾಯಬಹುದು. ಕಡಿದು ಒಣಗಿದ್ದೂ ವಿಷವೇ. ಲಂಟಾನವೂ ಬೇಡ. ಕುದುರೆ ಜೊತೆ ಮಧ್ಯಾಹ್ನ ಕಳೆಯಲು ಹೋದವರು ಮೊದಲು ಒಂದು ಸುತ್ತು ಬೇಲಿ ನೋಡಿ ಬನ್ನಿ.

ಗರಿಕೆಹುಲ್ಲು (ಭಾನುವಾರ, ರಾತ್ರಿ 10:41)

ಅಯ್ಯೋ ಡಾಕ್ಟ್ರೇ, ಅಲ್ಲಿ ಗೇಟಿನ ಹತ್ತಿರ ಗುಲಾಬಿ ಬಣ್ಣದ ಕಣಗಿಲೆ ಇದೆ! ಗೆಳತಿಗೆ ಈಗಲೇ ಫೋನ್ ಮಾಡ್ತೀನಿ.

ಜಟಕಾ ಮೊಮ್ಮಗ (ಸೋಮವಾರ, ಬೆಳಿಗ್ಗೆ 7:05)

ನನಗೆ ಸ್ವಲ್ಪ ಬೇರೆ ಅಭಿಪ್ರಾಯ ಇದೆ. ತಪ್ಪು ತಿಳಿಯಬೇಡಿ.

ನಮ್ಮ ತಾತ ಮೈಸೂರಿನಲ್ಲಿ ಜಟಕಾ ಓಡಿಸುತ್ತಿದ್ದರು. ಅವರಿಗೆ ಕುದುರೆ ಅಂದರೆ ಅನ್ನ. ಅದರ ಜೊತೆ ಸುಮ್ಮನೆ ಕೂರುವ ಪುರುಸೊತ್ತು ಅವರಿಗೆ ಇರಲಿಲ್ಲ. ದುಡಿಯುವ ಕುದುರೆಗಳೆಲ್ಲ ನೋವಿನಲ್ಲೇ ಇರುತ್ತವೆ ಅನ್ನುವ ಹಾಗೆ ಈಗ ಜನ ಮಾತಾಡುತ್ತಾರೆ. ಅದು ನನಗೆ ನೋವು ಕೊಡುತ್ತದೆ. ತಾತ ತಾವು ಉಣ್ಣುವ ಮೊದಲು ಕುದುರೆಗೆ ಹುರುಳಿ ಬೇಯಿಸಿ ಹಾಕುತ್ತಿದ್ದರು. ಲಾಳ ಸವೆದರೆ ಮನೆಯಲ್ಲಿ ದುಡ್ಡಿಲ್ಲದಿದ್ದರೂ ಸಾಲ ಮಾಡಿ ಹೊಡೆಸುತ್ತಿದ್ದರು.

ಆದರೂ ಒಂದು ಮಾತು ಒಪ್ಪುತ್ತೇನೆ. ಸಂಜೆ ಗಾಡಿ ಬಿಚ್ಚಿದ ಮೇಲೆ ಬಯಲಿಗೆ ಕರೆದುಕೊಂಡು ಹೋಗುತ್ತಿದ್ದರು. ಅಲ್ಲಿ ಹಗ್ಗ ಕಳಚಿದರೆ ಸಾಕು, ಅದು ಮಂಡಿ ಮಡಚಿ ಧೂಳಿನಲ್ಲಿ ಬಿದ್ದು ಹೊರಳಾಡುತ್ತಿತ್ತು. ಈ ಮಗ್ಗುಲು, ಆ ಮಗ್ಗುಲು. ನಾಲ್ಕೂ ಕಾಲು ಆಕಾಶಕ್ಕೆ. ಎದ್ದು ಮೈ ಒದರಿದರೆ ಧೂಳಿನ ಮೋಡ. ತಾತ ಬೀಡಿ ಹಚ್ಚಿಕೊಂಡು ಕಲ್ಲಿನ ಮೇಲೆ ಕೂತು ಅದನ್ನು ನೋಡುತ್ತಿದ್ದರು. ಬೀಡಿ ಮುಗಿಯುವ ತನಕ ಒಂದು ಮಾತೂ ಇಲ್ಲ. ಅವರ ಮುಖ ಅಷ್ಟು ಸಮಾಧಾನವಾಗಿ ಇದ್ದದ್ದು ನಾನು ಬೇರೆ ಯಾವಾಗಲೂ ನೋಡಿಲ್ಲ.

ನೀವು ಮೂರು ಗಂಟೆ ಕೂತಿರಿ. ಅವರಿಗೆ ಒಂದು ಬೀಡಿಯಷ್ಟು ಹೊತ್ತು ಸಿಗುತ್ತಿತ್ತು.

ಗರಿಕೆಹುಲ್ಲು (ಸೋಮವಾರ, ಬೆಳಿಗ್ಗೆ 8:20)

ತಪ್ಪು ಯಾಕೆ ತಿಳಿಯಲಿ ಸರ್. ನಿಮ್ಮ ತಾತನ ಬಗ್ಗೆ ಓದಿ ಕಣ್ಣು ತುಂಬಿತು. ದುಡಿಮೆ ತಪ್ಪು ಅಂತ ನಾನು ಹೇಳಿಲ್ಲ. ಆ ಗಿರಿಧಾಮದ ಕುದುರೆಗೆ ನಿಮ್ಮ ತಾತನಂಥವರು ಸಿಕ್ಕಿದ್ದರೆ ಬೆನ್ನಿನ ಗಾಯ ಆಗುತ್ತಲೇ ಇರಲಿಲ್ಲ ಅಲ್ವಾ?

ಹಳೇ ಸವಾರ (ಸೋಮವಾರ, ಮಧ್ಯಾಹ್ನ 1:15)

ನಾನು ಪೊಲೀಸ್ ಅಶ್ವದಳದಲ್ಲಿದ್ದು ನಿವೃತ್ತನಾದವನು. ನಮ್ಮ ಕುದುರೆಗಳು ದಸರಾ ಮೆರವಣಿಗೆಯಲ್ಲಿ ಹೋಗುವುದನ್ನು ನೀವೆಲ್ಲ ನೋಡಿರುತ್ತೀರಿ. ಅದಕ್ಕೆ ಮೊದಲು ಆನೆಗಳ ಜೊತೆ ಅವಕ್ಕೂ ಫಿರಂಗಿ ಸದ್ದಿನ ತಾಲೀಮು ಇರುತ್ತದೆ. ಜಂಬೂಸವಾರಿಯ ದಿನ 21 ಕುಶಾಲತೋಪು ಹಾರಿಸುತ್ತಾರಲ್ಲ, ಆಗ ಬೆದರಬಾರದು. ಮೊದಲ ಸಲ ಸದ್ದು ಕೇಳಿದ ಕುದುರೆ ಇಡೀ ಮೈ ನಡುಗುತ್ತದೆ. ಬೆದರಿದರೆ ಓಡುವುದು ಅದರ ಹುಟ್ಟುಗುಣ. ಓಡದೆ ನಿಲ್ಲುತ್ತದೆ ಅಂದರೆ ಬೆನ್ನ ಮೇಲಿರುವವನನ್ನು ನಂಬಿ ನಿಲ್ಲುತ್ತದೆ.

ಆ ನಂಬಿಕೆ ತಾಲೀಮಿನ ಮೈದಾನದಲ್ಲಿ ಮಾತ್ರ ಬರುವುದಿಲ್ಲ. ನನ್ನ ಕುದುರೆಗೆ ನಾನು ಇಬ್ಬರಾಗಿದ್ದೆ. ಬೂಟು ಹಾಕಿದವನು ಒಬ್ಬ, ಚಪ್ಪಲಿ ಹಾಕಿದವನು ಒಬ್ಬ. ಬೂಟಿನ ಸದ್ದು ಕೇಳಿದರೆ ತಲೆ ಎತ್ತಿ ಸರಿಯಾಗಿ ನಿಲ್ಲುತ್ತಿತ್ತು. ರಜೆಯ ದಿನ ಚಪ್ಪಲಿ ಹಾಕಿಕೊಂಡು ಹೋದರೆ ಲಾಯದ ಬಾಗಿಲ ಮೇಲೆ ಕತ್ತು ಚಾಚಿ ಮೂಗಿನಲ್ಲೇ ಸಣ್ಣಗೆ ಸದ್ದು ಮಾಡುತ್ತಿತ್ತು. ಕೆನೆಯುವುದಲ್ಲ, ಗಂಟಲೊಳಗಿನ ಮೆಲ್ಲನೆ ಸದ್ದು. ಚಪ್ಪಲಿಯ ದಿನ ಕೆಲಸ ಇರುವುದಿಲ್ಲ ಅಂತ ಅದಕ್ಕೆ ಗೊತ್ತು. ಹೊರಗೆ ಬೇವಿನ ಮರದ ಕೆಳಗೆ ಕಟ್ಟಿ ನಿಧಾನವಾಗಿ ಮಾಲೀಷು ಮಾಡುತ್ತಿದ್ದೆ. ಕುತ್ತಿಗೆ ಬೆನ್ನಿಗೆ ಸೇರುವಲ್ಲಿ, ಜೂಲು ಮುಗಿಯುವ ಕಡೆ, ಒಂದು ಜಾಗ ಇದೆ. ಅಲ್ಲಿ ಉಗುರಿನಿಂದ ಕೆರೆದರೆ ಮೇಲ್ತುಟಿ ಉದ್ದ ಮಾಡಿ ಅಲ್ಲಾಡಿಸುತ್ತದೆ. ಒಂದೊಂದು ಸಲ ಅದೂ ನನ್ನ ಭುಜವನ್ನು ತುಟಿಯಿಂದ ಉಜ್ಜುತ್ತಿತ್ತು. ಅಂಗಿ ಪೂರ್ತಿ ಜೊಲ್ಲು.

ಅದು ಹೋಗಿ ಆರು ವರ್ಷ ಆಯಿತು. ಆ ಅಂಗಿ ಇನ್ನೂ ಇಟ್ಟಿದ್ದೇನೆ.

ಪಶುವೈದ್ಯೆ ಹಾಸನ (ಸೋಮವಾರ, ಮಧ್ಯಾಹ್ನ 2:02)

ಸರ್, ಕುದುರೆಗಳು ಒಂದಕ್ಕೊಂದು ಹಲ್ಲಿನಿಂದ ಕೆರೆದುಕೊಳ್ಳುವುದೂ ಅದೇ ಜಾಗದಲ್ಲಿ. 1993ರಲ್ಲಿ ಫ್ರಾನ್ಸಿನ ಕಮಾರ್ಗ್ ಕುದುರೆಗಳ ಮೇಲೆ ಒಂದು ಅಧ್ಯಯನ ಬಂತು. ಆ ಜಾಗದಲ್ಲಿ ಕೈಯಿಂದ ಕೆರೆದಾಗ ಅವುಗಳ ಎದೆಬಡಿತ ಇಳಿಯಿತು. ಬೇರೆ ಕಡೆ ಕೆರೆದಾಗ ಹಾಗೆ ಆಗಲಿಲ್ಲ. ನಿಮ್ಮ ಬೆರಳಿಗೆ ಅದು ಮೊದಲೇ ಗೊತ್ತಿತ್ತು. ಅದು ನಿಮ್ಮ ಭುಜ ಉಜ್ಜಿದ್ದು ತನ್ನ ಜೊತೆಗಾರನಿಗೆ ಮಾಡುವ ಹಾಗೇ.

ಸೌತಾಂಪ್ಟನ್ ಕನ್ನಡಿಗ (ಸೋಮವಾರ, ಸಂಜೆ 6:37)

ನಾನಿರುವ ಊರಿನಿಂದ ಸ್ವಲ್ಪ ದೂರದಲ್ಲಿ ನ್ಯೂ ಫಾರೆಸ್ಟ್ ಇದೆ. ಅಲ್ಲಿ ಸಾವಿರಾರು ಗಿಡ್ಡ ಕುದುರೆಗಳು ಬೇಲಿ ಇಲ್ಲದೆ ತಿರುಗಾಡುತ್ತವೆ. ಕಾಡುಕುದುರೆ ಅಂದುಕೊಂಡಿದ್ದೆ. ಅಲ್ಲ. ಪ್ರತಿ ಕುದುರೆಗೂ ಒಡೆಯರಿದ್ದಾರೆ. ಅಲ್ಲಿ ಮೇಯಿಸುವ ಹಕ್ಕು ಹಳೇ ಕಾಲದಿಂದ ಬಂದದ್ದು. ಆ ವರ್ಷದ ಶುಲ್ಕ ಕಟ್ಟಿದ ಗುರುತಿಗೆ ಬಾಲದ ಕೂದಲನ್ನು ಒಂದೊಂದು ಭಾಗದವರು ಒಂದೊಂದು ರೀತಿ ಕತ್ತರಿಸುತ್ತಾರೆ.

ಗರಿಕೆಹುಲ್ಲು ಅವರ ನೆರಳಿನ ಮಾತು ಓದಿದಾಗ ಇದನ್ನು ಹೇಳಬೇಕು ಅನ್ನಿಸಿತು. ಬೇಸಿಗೆಯ ಮಧ್ಯಾಹ್ನ ಅಲ್ಲಿಯ ಕುದುರೆಗಳು ಮೇಯುವುದು ಬಿಟ್ಟು ಒಂದು ಕಡೆ ಗುಂಪಾಗಿ ನಿಲ್ಲುತ್ತವೆ. ಒಂದರ ಮುಖಕ್ಕೆ ಇನ್ನೊಂದರ ಬಾಲ. ಇದು ಬೀಸಿದರೆ ಅದರ ಮುಖದ ನೊಣ ಹಾರುತ್ತದೆ. ಹಾಗೆ ನಿಲ್ಲುವ ಜಾಗಕ್ಕೆ ಅಲ್ಲಿಯವರು ನೆರಳು ಅಂತಲೇ ಹೆಸರಿಟ್ಟಿದ್ದಾರೆ. ಅಲ್ಲಿ ಎಷ್ಟೋ ಕಡೆ ಮರವೇ ಇರುವುದಿಲ್ಲ! ಗಾಳಿ ಬೀಸುವ ಬಯಲು, ಇಲ್ಲವೇ ಸೇತುವೆ, ರಸ್ತೆ ನಡುವೆ. ನೊಣ ಕಡಿಮೆ ಇದ್ದರೆ ಅವಕ್ಕೆ ಅದೇ ನೆರಳು.

ಅಲ್ಲಿ ಅವನ್ನು ಮುಟ್ಟಬಾರದು, ತಿನ್ನಲು ಏನೂ ಕೊಡಬಾರದು ಅಂತ ಬೋರ್ಡ್ ಇದೆ. ಮೊದಲು ನನಗೆ ಬೇಜಾರಾಗಿತ್ತು. ಈಗ ಒಳ್ಳೆಯದೇ ಅನ್ನಿಸುತ್ತದೆ. ತಿಂಡಿ ಕೊಟ್ಟು ರೂಢಿಯಾದರೆ ಅವು ಕಾರುಗಳ ಹತ್ತಿರ ಬರುತ್ತವೆ, ಅಪಘಾತದಲ್ಲಿ ಸಾಯುತ್ತವೆ. ನಾನು ತಿಂಗಳಿಗೆ ಒಂದು ಸಲ ಫ್ಲಾಸ್ಕಿನಲ್ಲಿ ಕಾಫಿ ತೆಗೆದುಕೊಂಡು ಹೋಗಿ ದೂರದಲ್ಲಿ ಕೂರುತ್ತೇನೆ. ಅಮ್ಮ ತೀರಿಕೊಂಡ ವರ್ಷ ಊರಿಗೆ ಬರಲು ಆಗಲಿಲ್ಲ. ಆ ವರ್ಷ ವಾರಕ್ಕೊಮ್ಮೆ ಹೋಗುತ್ತಿದ್ದೆ.

ಚಿನ್ನು ಅಮ್ಮ (ಸೋಮವಾರ, ರಾತ್ರಿ 8:50)

ನನ್ನ ಮಗಳಿಗೆ ಒಂಬತ್ತು ವರ್ಷ. ಕುದುರೆ ಅಂದರೆ ಆಸೆ, ಹತ್ತಿರ ಹೋದರೆ ಭಯ. ಮೈಸೂರಿನಲ್ಲೇ ಇದ್ದೇವೆ. ಪರಿಚಯದವರ ಮನೆಯಲ್ಲಿ ಒಂದು ವಯಸ್ಸಾದ ಕುದುರೆ ಇದೆ. ಇದನ್ನೆಲ್ಲ ಓದಿದ ಮೇಲೆ ಸವಾರಿ ಕ್ಲಾಸಿಗಿಂತ ಮೊದಲು ಹೀಗೆ ಕೂರಿಸೋಣ ಅನ್ನಿಸುತ್ತಿದೆ. ಏನು ಎಚ್ಚರಿಕೆ ಬೇಕು?

ಹಳೇ ಸವಾರ (ಸೋಮವಾರ, ರಾತ್ರಿ 9:25)

ಖಂಡಿತ ಕರೆದುಕೊಂಡು ಹೋಗಿಮ್ಮಾ. ಕುದುರೆಗೆ ಕಣ್ಣು ತಲೆಯ ಎರಡು ಪಕ್ಕದಲ್ಲಿ. ಸುತ್ತಲೂ ಹೆಚ್ಚುಕಡಿಮೆ ಎಲ್ಲ ಕಾಣುತ್ತದೆ. ಕಾಣದಿರುವುದು ಎರಡೇ ಕಡೆ: ಬಾಲದ ನೇರ ಹಿಂದೆ, ಹಣೆಯ ನೇರ ಮುಂದೆ ಮೂಗಿನ ಹತ್ತಿರ. ಹಾಗಾಗಿ ಹಿಂದಿನಿಂದ ಹೋಗಲೇಬಾರದು. ಭುಜದ ಕಡೆಯಿಂದ, ಮಾತಾಡಿಸುತ್ತಾ ಹೋಗಬೇಕು. ಮೊದಲು ಮಗಳ ಕೈಯನ್ನು ಅದೇ ಮೂಸಲಿ. ಮುಖ ತಿರುಗಿಸಿದರೆ ಅವತ್ತಿಗೆ ಬಿಟ್ಟುಬಿಡಿ. ಕಿವಿ ಎರಡೂ ಹಿಂದಕ್ಕೆ ಕತ್ತಿಗೆ ಅಂಟಿಕೊಂಡರೆ ಕೋಪ, ದೂರ ಬನ್ನಿ. ಹಗ್ಗ ಹಿಡಿದರೆ ಕೈಗೆ ಸುತ್ತಿಕೊಳ್ಳಬಾರದು, ಎಂದಿಗೂ. ಕುದುರೆ ಓಡಿದರೆ ಕೈಯೂ ಜೊತೆಗೆ ಹೋಗುತ್ತದೆ. ನೆಲದ ಮೇಲೆ ಅದರ ಹತ್ತಿರ ಕೂರಿಸಬೇಡಿ. ಎದ್ದು ಓಡಲು ಆಗುವ ಹಾಗೆ, ದೂರದಲ್ಲಿ ಒಂದು ಸ್ಟೂಲ್ ಹಾಕಿ.

ಬೆಲ್ಲ ಮೊದಲ ದಿನ ಬೇಡ. ಬೆಲ್ಲ ಕೊಟ್ಟರೆ ಅದು ಬೆಲ್ಲದ ಹತ್ತಿರ ಬರುತ್ತದೆ, ಮಗಳ ಹತ್ತಿರ ಅಲ್ಲ.

ಗರಿಕೆಹುಲ್ಲು (ಸೋಮವಾರ, ರಾತ್ರಿ 9:40)

ಸರ್, ಇದು ನನಗೂ ಪಾಠ. ನಾನು ಚಾಪೆ ಮೇಲೆ ಕೂತಿದ್ದೆ! ಇನ್ನು ಮೇಲೆ ಕುರ್ಚಿ. ಕಣಗಿಲೆ ಇವತ್ತು ಬೆಳಿಗ್ಗೆ ಬೇರು ಸಮೇತ ಕೀಳಿಸಿದರಂತೆ ಡಾಕ್ಟ್ರೇ. ಗೌರಿ ಆ ಕಡೆ ಹೋಗುತ್ತಿರಲಿಲ್ಲವಂತೆ. ಆದರೂ ನನಗೆ ರಾತ್ರಿ ನಿದ್ದೆ ಬಂದಿರಲಿಲ್ಲ.

ಚಿನ್ನು ಅಮ್ಮ (ಮುಂದಿನ ಭಾನುವಾರ, ರಾತ್ರಿ 8:15)

ಹೋಗಿ ಬಂದೆವು. ಸ್ಟೂಲ್ ಹಾಕಿದ್ದೆ. ಮೊದಲು ನನ್ನ ಸೆರಗು ಬಿಡಲಿಲ್ಲ. ಕುದುರೆ ತನ್ನ ಪಾಡಿಗೆ ಮೇಯುತ್ತಿತ್ತು. ಹತ್ತು ನಿಮಿಷ ಆದ ಮೇಲೆ ಮಗಳು ಏನೋ ಎಣಿಸಲು ಶುರು ಮಾಡಿದಳು. ಒಂದು ಹೆಜ್ಜೆ ಇಡುವ ಮೊದಲು ಎಷ್ಟು ತುತ್ತು ಹುಲ್ಲು ಕೀಳುತ್ತದೆ ಅಂತ! ಒಂದು ಸಲ ಏಳು, ಒಂದು ಸಲ ಹದಿನಾಲ್ಕು. ಬೆರಳು ಸಾಲದೆ ಕಡ್ಡಿಯಿಂದ ಮಣ್ಣಿನಲ್ಲಿ ಗೀರು ಹಾಕಿಕೊಂಡಳು. ಎರಡು ಗಂಟೆ ಹೇಗೆ ಹೋಯಿತೋ ಗೊತ್ತಾಗಲಿಲ್ಲ. ಮುಟ್ಟಲಿಲ್ಲ. ನಾನೂ ಮುಟ್ಟು ಅನ್ನಲಿಲ್ಲ.

ದಾರಿಯಲ್ಲಿ ಒಂದು ಪ್ರಶ್ನೆ ಕೇಳಿದಳು. ನನಗೆ ಉತ್ತರ ಗೊತ್ತಿಲ್ಲ, ಇಲ್ಲಿ ಕೇಳು ಅಂದಳು. ಮೇಯುವಾಗ ಅದು ಹೆಚ್ಚು ಹೊತ್ತು ಎಡ ಮುಂಗಾಲನ್ನೇ ಮುಂದೆ ಇಟ್ಟುಕೊಳ್ಳುತ್ತದಂತೆ. ಎಲ್ಲ ಕುದುರೆಗಳೂ ಹಾಗೇನಾ?

ಪಶುವೈದ್ಯೆ ಹಾಸನ (ಭಾನುವಾರ, ರಾತ್ರಿ 9:02)

ಚಿನ್ನು ಪುಟ್ಟಿ, ಎಷ್ಟು ಚೆನ್ನಾಗಿ ನೋಡಿದ್ದೀಯಾ! ಎಲ್ಲವೂ ಎಡಗಾಲೇ ಇಡುವುದಿಲ್ಲ. ಕೆಲವು ಎಡ, ಕೆಲವು ಬಲ, ಕೆಲವಕ್ಕೆ ಯಾವುದಾದರೂ ಸರಿ. ನೀನು ಬಲಗೈಯಲ್ಲಿ ಬರೆಯುವ ಹಾಗೆ ಅವಕ್ಕೂ ಒಂದು ರೂಢಿ. ಮರಿ ಇರುವಾಗ ಕಾಲು ಉದ್ದ, ಕತ್ತು ಗಿಡ್ಡ. ನೆಲದ ಹುಲ್ಲಿಗೆ ಬಾಯಿ ಮುಟ್ಟಲು ಒಂದು ಕಾಲು ಮುಂದೆ, ಒಂದು ಹಿಂದೆ ಇಡಲೇಬೇಕು. ಒಂದೇ ಕಾಲು ರೂಢಿಯಾದರೆ ಆ ಎರಡು ಗೊರಸುಗಳೂ ಬೇರೆ ಬೇರೆ ಆಕಾರಕ್ಕೆ ಬೆಳೆಯಬಹುದು. ಮುಂದಿನ ಸಲ ಎರಡು ಮುಂಗಾಲಿನ ಗೊರಸೂ ಒಂದೇ ಥರ ಇದೆಯಾ, ಒಂದು ಸ್ವಲ್ಪ ಚಪ್ಪಟೆ ಇದೆಯಾ, ನೋಡಿ ಹೇಳ್ತೀಯಾ? ದೂರದಿಂದಲೇ ಕಾಣುತ್ತದೆ.

ಗರಿಕೆಹುಲ್ಲು (ಭಾನುವಾರ, ರಾತ್ರಿ 9:20)

ಇಷ್ಟು ಹೊತ್ತು ಕೂತು ನೋಡಿದ್ದೇನೆ, ಗೌರಿ ಯಾವ ಕಾಲು ಮುಂದೆ ಇಡುತ್ತಾಳೆ ಅಂತ ನನಗೆ ನೆನಪೇ ಇಲ್ಲ. ಶನಿವಾರ ಹೋಗುತ್ತಿದ್ದೇನೆ. ಚಿನ್ನುಗೆ ಹೇಳಿ, ನೋಡಿ ಬಂದು ಬರೆಯುತ್ತೇನೆ.